ಸೀಟು ಸಿಕ್ಕ ಮೇಲೆ ಉಳಿದ ಒಂದು ವಿಷಯ

ಅಮೆರಿಕದಲ್ಲಿ ದಂತವೈದ್ಯರಾಗಬೇಕೆನ್ನುವವರು ಪಿಯುಸಿ ಮುಗಿಸಿದ ಕೂಡಲೇ ಡೆಂಟಲ್ ಕಾಲೇಜಿಗೆ ಸೇರುವ ಪದ್ಧತಿ ಇಲ್ಲ. ಬಹುತೇಕ ಎಲ್ಲರೂ ಮೊದಲು ನಾಲ್ಕು ವರ್ಷಗಳ ಪದವಿ ಮುಗಿಸಿ, ಆಮೇಲೆ ಇನ್ನೂ ನಾಲ್ಕು ವರ್ಷ ಡೆಂಟಲ್ ಓದುತ್ತಾರೆ. ಅರ್ಜಿ ಸಲ್ಲಿಸುವುದು ಸಾಮಾನ್ಯವಾಗಿ ಪದವಿಯ ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲಿ. ಪ್ರವೇಶದ ಮೊದಲ ಪತ್ರಗಳು ಬರುವುದು ಡಿಸೆಂಬರ್‌ನಲ್ಲಿ. ಡೆಂಟಲ್ ತರಗತಿಗಳು ಆರಂಭವಾಗುವುದು ಅದರ ಮುಂದಿನ ಜುಲೈ ಅಥವಾ ಆಗಸ್ಟ್‌ನಲ್ಲಿ. ಹೀಗಾಗಿ ಸೀಟು ಸಿಕ್ಕಿತೆಂದು ತಿಳಿದ ದಿನಕ್ಕೂ ಪದವಿ ಮುಗಿಯುವ ದಿನಕ್ಕೂ ನಡುವೆ ಒಂದು ಇಡೀ ಸೆಮಿಸ್ಟರ್ ಉಳಿದುಬಿಡುತ್ತದೆ. ಆ ಸೆಮಿಸ್ಟರ್‌ನಲ್ಲಿ ನನ್ನನ್ನು ಹಣ್ಣು ಮಾಡಿದ ಜೀವರಸಾಯನಶಾಸ್ತ್ರದ ಕುರಿತು, ಅಂದರೆ ಎಲ್ಲರೂ ಬಯೋಕೆಮ್ ಎಂದು ಕರೆಯುವ ಆ ಒಂದು ಕೋರ್ಸಿನ ಕುರಿತು, ಇಲ್ಲಿ ಬರೆಯುತ್ತಿದ್ದೇನೆ.

ಸೀಟು ಸಿಕ್ಕ ಮೇಲೆ ಓದಿನಲ್ಲಿ ಹಿಂದೆ ಬೀಳುವವರ ಬಗ್ಗೆ ಎಲ್ಲರ ಬಳಿಯೂ ಒಂದು ಸಿದ್ಧ ವಿವರಣೆ ಇರುತ್ತದೆ: ಗುರಿ ಮುಟ್ಟಿಯಾಯಿತು, ಇನ್ನು ಮೈಗಳ್ಳತನ. ಇಲ್ಲಿನ ಕ್ಯಾಂಪಸ್‌ಗಳಲ್ಲಿ ಅದಕ್ಕೆ ಸೀನಿಯರೈಟಿಸ್ ಎಂದು ಹೆಸರಿಟ್ಟು ನಗುತ್ತಾರೆ. ಆ ಮಾತು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ, ಆದರೆ ಅದು ಮುಖ್ಯವಾದ ಒಂದು ಸಂಗತಿಯನ್ನು ಮರೆಮಾಡುತ್ತದೆ. ಕೊನೆಯ ಸೆಮಿಸ್ಟರ್‌ಗೆ ಯಾವ ವಿಷಯ ಉಳಿಯುತ್ತದೆ ಎಂಬುದು ಆಕಸ್ಮಿಕವಲ್ಲ. ನಾಲ್ಕು ವರ್ಷಗಳಿಂದ ಯಾವುದನ್ನು ಮುಂದೂಡುತ್ತ ಬಂದಿರುತ್ತೇವೆಯೋ ಅದೇ ಉಳಿಯುತ್ತದೆ. ಮುಂದೂಡುವುದಕ್ಕೆ ಸಕಾರಣವೂ ಇರುತ್ತದೆ. ಡೆಂಟಲ್ ಪ್ರವೇಶಕ್ಕೆ ಬರೆಯಬೇಕಾದ ಡಿಎಟಿ ಪರೀಕ್ಷೆಯ ವಿಜ್ಞಾನ ಭಾಗದಲ್ಲಿ 100 ಪ್ರಶ್ನೆಗಳಿರುತ್ತವೆ: ಜೀವಶಾಸ್ತ್ರದ್ದು 40, ಸಾಮಾನ್ಯ ರಸಾಯನಶಾಸ್ತ್ರದ್ದು 30, ಸಾವಯವ ರಸಾಯನಶಾಸ್ತ್ರದ್ದು 30. ಬಯೋಕೆಮ್‌ಗೆ ಪ್ರತ್ಯೇಕ ವಿಭಾಗವೇ ಇಲ್ಲ, ಭೌತಶಾಸ್ತ್ರವಂತೂ ಇಲ್ಲವೇ ಇಲ್ಲ. ಆದರೆ ಅನೇಕ ಡೆಂಟಲ್ ಕಾಲೇಜುಗಳು ಪ್ರವೇಶಕ್ಕೆ ಮೊದಲು ಮುಗಿಸಿರಬೇಕಾದ ಕೋರ್ಸುಗಳ ಪಟ್ಟಿಯಲ್ಲಿ ಅವನ್ನು ಸೇರಿಸಿರುತ್ತವೆ. ಪರೀಕ್ಷೆಗೆ ಬೇಡದ, ಸೇರುವ ಹೊತ್ತಿಗೆ ಮಾತ್ರ ಬೇಕಾದ ವಿಷಯವನ್ನು ಯಾವ ವಿದ್ಯಾರ್ಥಿಯಾದರೂ ಕೊನೆಗೆ ಇಟ್ಟುಕೊಳ್ಳುವುದು ಸಹಜವೇ. ಇದರ ಫಲವೇನೆಂದರೆ, ನಾಲ್ಕು ವರ್ಷಗಳಲ್ಲಿ ಅತ್ಯಂತ ಕಠಿಣವಾದ ಕೋರ್ಸನ್ನು, ಓದಿಗೆ ಬಲ ಕೊಡುತ್ತಿದ್ದ ಆತಂಕವೇ ಮಾಯವಾದ ನಂತರ ಓದಬೇಕಾಗುತ್ತದೆ.

ಆತಂಕವನ್ನು ಬಲವೆಂದು ಕರೆದದ್ದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಮೂರು ವರ್ಷ ಪ್ರತಿಯೊಂದು ಕಿರುಪರೀಕ್ಷೆಯನ್ನೂ ಇದು ಅರ್ಜಿಯಲ್ಲಿ ಹೇಗೆ ಕಂಡೀತು ಎಂಬ ಲೆಕ್ಕದಲ್ಲೇ ಬರೆದವರಿಗೆ ಅದರ ಅರ್ಥ ಗೊತ್ತು. ಸಾವಯವ ರಸಾಯನಶಾಸ್ತ್ರದ ಎರಡು ಸೆಮಿಸ್ಟರ್‌ಗಳನ್ನು ನಾನು ದಾಟಿದ್ದು ಆ ವಿಷಯದ ಮೇಲಿನ ಪ್ರೀತಿಯಿಂದಲ್ಲ, ಭಯದಿಂದ. ಡಿಸೆಂಬರ್‌ನಲ್ಲಿ ಆ ಭಯ ಒಂದೇ ಸಲಕ್ಕೆ ಹೋಯಿತು. ಅದರ ಜಾಗಕ್ಕೆ ಕುತೂಹಲವೋ ಶಿಸ್ತೋ ತಾನಾಗಿ ಬಂದು ಕೂರುತ್ತದೆ ಎಂದು ನಿರೀಕ್ಷಿಸುವುದು ನ್ಯಾಯವಲ್ಲ, ಏಕೆಂದರೆ ಅವನ್ನು ಬೆಳೆಸಿಕೊಳ್ಳಲು ಯಾರೂ ನಮಗೆ ಅಷ್ಟು ದಿನ ಬಿಡುವು ಕೊಟ್ಟಿರಲಿಲ್ಲ.

ವಿಷಯದ ಸ್ವರೂಪವನ್ನೂ ಸ್ವಲ್ಪ ಹೇಳಬೇಕು. ಬಯೋಕೆಮ್ ಎರಡು ಬೇರೆ ಬೇರೆ ಸಾಮರ್ಥ್ಯಗಳನ್ನು ಒಟ್ಟಿಗೆ ಕೇಳುತ್ತದೆ. ಒಂದು ಕಡೆ ನೆನಪು: 20 ಅಮೈನೋ ಆಮ್ಲಗಳ ರಚನೆ, ಅವುಗಳಲ್ಲಿ ಯಾವುದರ ಪಾರ್ಶ್ವಗುಂಪು ಯಾವ ಪಿಎಚ್‌ನಲ್ಲಿ ವಿದ್ಯುದಾವೇಶ ಹೊಂದುತ್ತದೆ, ಜೀವಕೋಶ ಸಕ್ಕರೆಯನ್ನು ಒಡೆಯುವ ದಾರಿಯಾದ ಗ್ಲೈಕಾಲಿಸಿಸ್‌ನ ಹತ್ತು ಹಂತಗಳು, ಪ್ರತಿ ಹಂತದ ಕಿಣ್ವದ ಹೆಸರು, ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಎಲ್ಲಿ ಖರ್ಚಾಗುತ್ತದೆ, ಎಲ್ಲಿ ಹುಟ್ಟುತ್ತದೆ. ಇನ್ನೊಂದು ಕಡೆ ಗಣಿತ: ಮೈಕೇಲಿಸ್ ಮತ್ತು ಮೆಂಟನ್ ಎಂಬ ವಿಜ್ಞಾನಿಗಳು 1913ರಲ್ಲಿ ಪ್ರಕಟಿಸಿದ, ಕಿಣ್ವದ ವೇಗವನ್ನು ಅಳೆಯುವ ಸಮೀಕರಣವನ್ನು ಹಿಡಿದುಕೊಂಡು, ಒಂದು ಪ್ರತಿಬಂಧಕ ಸೇರಿದಾಗ ಕಿಣ್ವದ ಗರಿಷ್ಠ ವೇಗ ಬದಲಾಗುತ್ತದೆಯೋ, ಅರ್ಧ ವೇಗಕ್ಕೆ ಬೇಕಾದ ದ್ರವ್ಯದ ಸಾಂದ್ರತೆ ಬದಲಾಗುತ್ತದೆಯೋ ಎಂದು ನಕ್ಷೆ ನೋಡಿ ಹೇಳಬೇಕು. ನೆನಪಿನ ಭಾಗವನ್ನು ಹಿಂದಿನ ರಾತ್ರಿ ಕೂತು ಒಂದಿಷ್ಟಾದರೂ ತುಂಬಿಕೊಳ್ಳಬಹುದು. ಎರಡನೆಯದಕ್ಕೆ ವಾರಗಳ ಅಭ್ಯಾಸ ಬೇಕು. ನಮ್ಮ ಪ್ರಾಧ್ಯಾಪಕರು ಮೊದಲನೆಯದನ್ನು ಯಾರೂ ಮರೆಯುವುದಿಲ್ಲ ಎಂದು ಭಾವಿಸಿ ಪ್ರಶ್ನೆಗಳನ್ನೆಲ್ಲ ಎರಡನೆಯದರಿಂದಲೇ ತೆಗೆಯುತ್ತಿದ್ದರು. ಒಂದು ರೂಪಾಂತರಿತ ಕಿಣ್ವವನ್ನು ಕೊಟ್ಟು, ಇದರಿಂದ ಯಾವ ಸಂಯುಕ್ತ ಶೇಖರವಾಗುತ್ತದೆ, ಏಕೆ ಎಂಬಂಥ ಪ್ರಶ್ನೆಗಳು. ಮೊದಲ ಮಿಡ್‌ಟರ್ಮ್‌ನಲ್ಲಿ ನನಗೆ ಬಂದದ್ದು ನೂರಕ್ಕೆ 48, ಎರಡನೆಯದರಲ್ಲಿ 61.

ಈ ಅಂಕಗಳಿಗಿಂತ ಹೆಚ್ಚು ಕಷ್ಟವಾದದ್ದು ಅವುಗಳ ಬಗ್ಗೆ ಯಾರ ಬಳಿಯೂ ಮಾತನಾಡಲಾಗದ ಸ್ಥಿತಿ. ಅದೇ ತರಗತಿಯಲ್ಲಿ ಕಾಯುವ ಪಟ್ಟಿಯಲ್ಲಿರುವವರಿದ್ದರು, ಒಂದು ಸಂದರ್ಶನಕ್ಕೂ ಕರೆ ಬಾರದೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕಲು ಸಿದ್ಧರಾಗುತ್ತಿದ್ದವರಿದ್ದರು. ಅವರ ಮುಂದೆ ಸೀಟು ಸಿಕ್ಕವರು ಕಷ್ಟ ಹೇಳಿಕೊಂಡರೆ ಅದು ಹೊಟ್ಟೆ ತುಂಬಿದವರ ಗೋಳಾಗುತ್ತದೆ. ಮನೆಯವರಿಗೆ ಹೇಳೋಣವೆಂದರೆ, ಅವರು ಆಗಲೇ ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿದ್ದರು. ಫೋನಿನಲ್ಲಿ ಅಮ್ಮ, "ಇನ್ನೇನು ಬಿಡು, ಮುಖ್ಯವಾದದ್ದು ಆಯ್ತಲ್ಲ" ಎಂದಾಗ ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ. ಅಮೆರಿಕದಲ್ಲಿ 1974ರಿಂದ ಜಾರಿಯಲ್ಲಿರುವ ಒಂದು ಫೆಡರಲ್ ಕಾನೂನಿನ ಪ್ರಕಾರ, ಕಾಲೇಜು ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದೇ. ಅಪ್ಪ ಅಮ್ಮ ಕೇಳಿದರೂ ವಿಶ್ವವಿದ್ಯಾಲಯ ಸಾಮಾನ್ಯವಾಗಿ ಅಂಕಗಳನ್ನು ತಿಳಿಸುವುದಿಲ್ಲ. ಆ ಕಾನೂನು ನನ್ನಂಥವರಿಗೆ ರಕ್ಷಣೆಯೂ ಹೌದು, ಒಂಟಿತನವೂ ಹೌದು. ಯಾರೂ ಕೇಳುವುದಿಲ್ಲವಾದ್ದರಿಂದ ಯಾರೂ ಹೊತ್ತಿಗೆ ಸರಿಯಾಗಿ ಎಚ್ಚರಿಸುವುದೂ ಇಲ್ಲ.

ನನಗೆ ನಿಜವಾದ ಸಹಾಯ ಮಾಡಿದ್ದು ಪ್ರವೇಶಪತ್ರವನ್ನು ಮತ್ತೊಮ್ಮೆ, ಈ ಬಾರಿ ಸಂತೋಷಕ್ಕಾಗಿ ಅಲ್ಲದೆ ಷರತ್ತುಗಳಿಗಾಗಿ, ಓದಿದ್ದು. ಇಂಥ ಪತ್ರಗಳನ್ನು ಪಡೆದ ಬಹಳಷ್ಟು ಜನ ಮೊದಲ ಪ್ಯಾರಾ ಮತ್ತು ಮುಂಗಡ ಹಣ ಕಟ್ಟುವ ಕೊನೆಯ ದಿನಾಂಕ ಇವೆರಡನ್ನು ಮಾತ್ರ ಗಮನಿಸುತ್ತಾರೆಂಬುದು ನನ್ನ ಅನಿಸಿಕೆ. ಉಳಿದ ಭಾಗದಲ್ಲಿರುವುದು ಸ್ಪಷ್ಟವಾದ ಒಪ್ಪಂದ: ಸೇರುವ ಮೊದಲು ಪೂರ್ವಾಗತ್ಯ ಕೋರ್ಸುಗಳೆಲ್ಲ ಸಿ ಅಥವಾ ಅದಕ್ಕಿಂತ ಉತ್ತಮ ಗ್ರೇಡಿನಲ್ಲಿ ಮುಗಿದಿರಬೇಕು, ಅರ್ಜಿಯಲ್ಲಿ ನಮೂದಿಸಿದ ಪದವಿ ಸಿಕ್ಕಿರಬೇಕು, ಅಂತಿಮ ಅಂಕಪಟ್ಟಿ ವಿಶ್ವವಿದ್ಯಾಲಯದ ರಿಜಿಸ್ಟ್ರಾರ್ ಕಚೇರಿಯಿಂದ ನೇರವಾಗಿ ತಲುಪಬೇಕು, ಹಿನ್ನೆಲೆ ಪರಿಶೀಲನೆಯಲ್ಲಿ ತೊಡಕಿರಬಾರದು. ಎಲ್ಲ ಕಾಲೇಜುಗಳ ಪತ್ರಗಳೂ ಒಂದೇ ರೀತಿ ಇರುವುದಿಲ್ಲ. ಕೆಲವು ಗ್ರೇಡುಗಳಲ್ಲಿ ಗಣನೀಯ ಇಳಿಕೆ ಕಂಡುಬಂದರೆ ಪ್ರವೇಶವನ್ನು ಮರುಪರಿಶೀಲಿಸುವ ಹಕ್ಕನ್ನೂ ಕಾದಿರಿಸಿಕೊಳ್ಳುತ್ತವೆ. ಆದ್ದರಿಂದ ಹಾಸ್ಟೆಲ್‌ನಲ್ಲಿ ಹರಿದಾಡುವ, ಸೀಟು ಸಿಕ್ಕ ಮೇಲೆ ಯಾವ ಗ್ರೇಡನ್ನೂ ಯಾರೂ ನೋಡುವುದಿಲ್ಲ ಎಂಬ ಮಾತನ್ನು ನಂಬುವಂತಿಲ್ಲ. ಹಾಗೆಯೇ ಒಂದು ಬಿ ಬಂದರೆ ಸೀಟು ಹೋಗುತ್ತದೆ ಎಂಬ ಇನ್ನೊಂದು ಬದಿಯ ದಿಗಿಲಿಗೂ ಆಧಾರವಿಲ್ಲ.

ಷರತ್ತನ್ನು ಓದಿದ ಮೇಲೆ ನನ್ನ ಭಯದ ಆಕಾರ ಬದಲಾಯಿತು. ಅಲ್ಲಿಯವರೆಗೆ ನಾನು ಚಿಂತಿಸುತ್ತಿದ್ದದ್ದು ಸರಾಸರಿಯ ಬಗ್ಗೆ. ಲೆಕ್ಕ ಹಾಕಿದರೆ, 120 ಕ್ರೆಡಿಟ್‌ಗಳ ಪದವಿಯಲ್ಲಿ 3 ಕ್ರೆಡಿಟ್‌ನ ಒಂದು ಸಿ ಗ್ರೇಡು ಜಿಪಿಎಯನ್ನು 3.70ರಿಂದ 3.66ಕ್ಕೆ ಇಳಿಸೀತು, ಅಷ್ಟೆ. ಆ ವ್ಯತ್ಯಾಸದಿಂದ ನನ್ನ ಪ್ರವೇಶಕ್ಕೆ ಆಗುವುದು ಏನೂ ಇರಲಿಲ್ಲ. ಆದರೆ ಸಿ ಮತ್ತು ಸಿ ಮೈನಸ್ ನಡುವಿನ ಕೂದಲೆಳೆಯ ಅಂತರದಲ್ಲಿ ಇಡೀ ಸೀಟು ನಿಂತಿತ್ತು. ಹೆಸರು ಹೇಳಿಕೊಂಡೇ ಪ್ರವೇಶ ಕಚೇರಿಗೆ ಒಂದು ಚಿಕ್ಕ ಇಮೇಲ್ ಬರೆದು, ಸಿ ಮೈನಸ್ ಪರಿಗಣನೆಗೆ ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಇಂಥ ಪ್ರಶ್ನೆ ಕೇಳಿದರೆ ಅವರಿಗೆ ಅನುಮಾನ ಬರುತ್ತದೆ ಎಂದು ಸ್ನೇಹಿತರು ಹೆದರಿಸಿದ್ದರು. ಅನುಮಾನ ಬರಲಿ, ಅದರಲ್ಲೇನು? ನಿಯಮ ತಿಳಿಯದೆ ಮೇ ತಿಂಗಳಲ್ಲಿ ಬೆಚ್ಚಿಬೀಳುವುದಕ್ಕಿಂತ ಮಾರ್ಚ್‌ನಲ್ಲಿ ಮುಜುಗರ ಪಡುವುದು ಎಷ್ಟೋ ವಾಸಿ.

ಅಡ್ಡದಾರಿಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಕೋರ್ಸಿನಿಂದ ಹಿಂದೆ ಸರಿದರೆ ಅಂಕಪಟ್ಟಿಯಲ್ಲಿ ಗ್ರೇಡಿನ ಬದಲು ಡಬ್ಲ್ಯೂ ಎಂಬ ಅಕ್ಷರ ಬೀಳುತ್ತದೆ, ಜಿಪಿಎ ಕೆಡುವುದಿಲ್ಲ. ಆದರೆ ಪೂರ್ವಾಗತ್ಯ ಬಾಕಿಯೇ ಉಳಿಯುತ್ತದೆ. ಜೊತೆಗೆ ಸೆಮಿಸ್ಟರ್‌ನ ಒಟ್ಟು ಹೊರೆ 12 ಕ್ರೆಡಿಟ್‌ಗಿಂತ ಕೆಳಗಿಳಿದರೆ ಪೂರ್ಣಾವಧಿ ವಿದ್ಯಾರ್ಥಿಯೆಂಬ ಸ್ಥಾನ ಹೋಗಿ ಧನಸಹಾಯಕ್ಕೆ ತೊಂದರೆಯಾಗಬಹುದು. ಗ್ರೇಡಿಲ್ಲದೆ ಪಾಸ್ ಅಥವಾ ಫೇಲ್ ಎಂದಷ್ಟೇ ದಾಖಲಿಸುವ ಆಯ್ಕೆಯೂ ಇದೆ, ಆದರೆ ನನ್ನ ಪತ್ರದ ಪ್ರಕಾರ ಪೂರ್ವಾಗತ್ಯಕ್ಕೆ ಅಕ್ಷರ ಗ್ರೇಡೇ ಬೇಕು. ಇನ್‌ಕಂಪ್ಲೀಟ್ ಎಂಬುದು ಕೋರ್ಸಿನ ಹೆಚ್ಚಿನ ಪಾಲು ಮುಗಿಸಿದ ಮೇಲೆ ಅನಾರೋಗ್ಯದಂಥ ಅನಿರೀಕ್ಷಿತ ಕಾರಣದಿಂದ ಪರೀಕ್ಷೆಗೆ ಕೂರಲಾಗದವರಿಗೆ ಕೊಡುವ ಅವಕಾಶ. ವಿಷಯ ಕಷ್ಟವಾಯಿತು ಎಂಬುದು ಅದಕ್ಕೆ ಕಾರಣವಾಗದು, ಆಗಲೂಬಾರದು. ಉಳಿದದ್ದು ಬೇಸಿಗೆಯ ಕೋರ್ಸು. ಅದನ್ನು ಜುಲೈ ಕೊನೆಯೊಳಗೆ ಮುಗಿಸಿ, ಅಂಕಪಟ್ಟಿಯೂ ಹೊತ್ತಿಗೆ ಸರಿಯಾಗಿ ತಲುಪಿದರೆ ಸೀಟು ಉಳಿದೀತು, ಆದರೆ ಅದಕ್ಕೆ ಡೆಂಟಲ್ ಕಾಲೇಜು ಮೊದಲೇ ಒಪ್ಪಿರಬೇಕು. ಅಡ್ವೈಸರ್ ಅದನ್ನು ಕೊನೆಯ ಆಸರೆಯಾಗಿ ಇಟ್ಟುಕೊಳ್ಳಿ ಎಂದರು. ಹಾಗೆಯೇ ಇಟ್ಟುಕೊಂಡೆ.

ಆಮೇಲೆ ಸಿಲಬಸ್ ತೆಗೆದು ಅಂಕಗಳ ಹಂಚಿಕೆ ನೋಡಿದೆ. ಮೂರು ಮಿಡ್‌ಟರ್ಮ್‌ಗಳಿಗೆ ತಲಾ ಶೇಕಡಾ 20, ಫೈನಲ್‌ಗೆ 30, ವಾರವಾರದ ಮನೆಗೆಲಸಕ್ಕೆ 10. ಸಿ ಗ್ರೇಡಿಗೆ ಒಟ್ಟು 70 ಬೇಕು. ನೇರ ಲೆಕ್ಕದಲ್ಲಿ ಎರಡು ಮಿಡ್‌ಟರ್ಮ್‌ಗಳಿಂದ ನನಗೆ ದಕ್ಕಿದ್ದು 9.6 ಮತ್ತು 12.2, ಮನೆಗೆಲಸದಿಂದ 9 ಬರುತ್ತದೆಂದು ಹಿಡಿದರೆ 30.8. ಅಂದರೆ ಉಳಿದ 50 ಅಂಕಗಳಲ್ಲಿ 39.2 ಬೇಕು, ಶೇಕಡಾ 78ಕ್ಕಿಂತ ಹೆಚ್ಚು. 48 ಮತ್ತು 61 ತೆಗೆದ ವ್ಯಕ್ತಿಗೆ ಅದು ಗಗನಕುಸುಮ. ಆದರೆ ಸಿಲಬಸ್‌ನ ಎರಡನೆಯ ಪುಟದಲ್ಲಿ ಇನ್ನೊಂದು ನಿಯಮವಿತ್ತು: ಫೈನಲ್‌ನ ಅಂಕ ಅತ್ಯಂತ ಕಡಿಮೆ ಬಂದ ಮಿಡ್‌ಟರ್ಮ್‌ಗಿಂತ ಹೆಚ್ಚಿದ್ದರೆ ಆ ಮಿಡ್‌ಟರ್ಮ್‌ನ ಸ್ಥಾನದಲ್ಲಿ ಫೈನಲ್‌ನ ಅಂಕವನ್ನೇ ತೆಗೆದುಕೊಳ್ಳಲಾಗುವುದು. ಆಗ 48 ಮರೆಯಾಗುತ್ತದೆ, ಫೈನಲ್‌ನ ತೂಕ 50ಕ್ಕೆ ಏರುತ್ತದೆ, ಕೈಯಲ್ಲಿರುವುದು 21.2 ಆಗಿ ಬೇಕಾಗುವುದು 70 ಅಂಕಗಳಲ್ಲಿ 48.8. ಎರಡೂ ಪರೀಕ್ಷೆಗಳಲ್ಲಿ ಸುಮಾರು 70 ಬಂದರೆ ಸಾಕು. ಶೇಕಡಾ 78 ಮತ್ತು 70 ನಡುವಿನ ಈ ಅಂತರ ಕಾಗದದ ಮೇಲೆ ಚಿಕ್ಕದು, ಹಿಂದೆ ಸರಿಯುವ ಕೊನೆಯ ದಿನಾಂಕದ ಮುಂದೆ ಕೂತು ಯೋಚಿಸುವವರಿಗೆ ಬಹಳ ದೊಡ್ಡದು. ನಾನು ಕೋರ್ಸಿನಲ್ಲಿ ಉಳಿಯಲು ನಿರ್ಧರಿಸಿದ್ದು ಧೈರ್ಯದಿಂದಲ್ಲ, ಈ ಲೆಕ್ಕದಿಂದ.

ಓದುವ ಕ್ರಮವನ್ನು ಬದಲಿಸಿದ್ದರ ಬಗ್ಗೆ ಹೆಚ್ಚು ಹೇಳಲಾರೆ, ಏಕೆಂದರೆ ಅದರಲ್ಲಿ ಹೊಸದೇನೂ ಇಲ್ಲ. ಪುಸ್ತಕದ ಸಾಲುಗಳಿಗೆ ಬಣ್ಣ ಬಳಿಯುವುದನ್ನು ಬಿಟ್ಟು, ಖಾಲಿ ಹಾಳೆಯ ಮೇಲೆ ಗ್ಲೈಕಾಲಿಸಿಸ್‌ನಿಂದ, ಶಕ್ತಿ ಪಡೆಯುವ ಅದರ ಮುಂದಿನ ಘಟ್ಟವಾದ ಕ್ರೆಬ್ಸ್ ಚಕ್ರದವರೆಗೆ ನೋಡದೆ ಬರೆಯುವುದು, ಎಲ್ಲಿ ನಿಂತಿತೋ ಅಲ್ಲಿಂದ ಮತ್ತೆ ಓದುವುದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು. ಇನ್ನೊಂದು ಮಾತು: ಕ್ರೆಬ್ಸ್ ಅವರು 1937ರಲ್ಲಿ ಈ ಚಕ್ರದ ಕುರಿತ ಬರಹವನ್ನು ಮೊದಲು ಕಳುಹಿಸಿದ್ದ ಪ್ರಸಿದ್ಧ ಪತ್ರಿಕೆ ಅದನ್ನು ಪ್ರಕಟಿಸಲಿಲ್ಲ, 1953ರಲ್ಲಿ ಅದೇ ಸಂಶೋಧನೆಗೆ ನೊಬೆಲ್ ಬಂತು. ಪರೀಕ್ಷೆಯ ಹಿಂದಿನ ವಾರ ಈ ಕಥೆಯನ್ನು ಸಹಪಾಠಿಗಳು ಒಬ್ಬರಿಗೊಬ್ಬರು ಹೇಳಿಕೊಂಡು ಸಮಾಧಾನ ಪಡುತ್ತಿದ್ದರು. ನನಗೆ ಅದರಿಂದ ಒಂದು ಅಂಕವೂ ಬರಲಿಲ್ಲ.

ಪ್ರಾಧ್ಯಾಪಕರ ವಿಚಾರ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಸೀಟು ಸಿಕ್ಕಿರುವ ವಿಷಯವನ್ನು ಅವರಿಗೆ ಹೇಳಬೇಕೇ ಬೇಡವೇ ಎಂಬುದು ಇಂಥ ಸ್ಥಿತಿಯಲ್ಲಿರುವ ಎಲ್ಲರನ್ನೂ ಕಾಡುವ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಉತ್ತರ ಯಾವಾಗ ಹೇಳುತ್ತೇವೆ ಎಂಬುದರ ಮೇಲೆ ನಿಂತಿದೆ. ಸೆಮಿಸ್ಟರ್‌ನ ಮಧ್ಯದಲ್ಲಿ ಆಫೀಸ್ ಅವರ್ಸ್‌ಗೆ, ಅಂದರೆ ಪ್ರಾಧ್ಯಾಪಕರು ವಿದ್ಯಾರ್ಥಿಗಳ ಭೇಟಿಗೆಂದು ಮೀಸಲಿಟ್ಟ ಹೊತ್ತಿಗೆ, ಹೋಗಿ, ನನಗೆ ಈ ಕೋರ್ಸಿನಲ್ಲಿ ಸಿ ಬೇಕೇ ಬೇಕು, ಎಲ್ಲಿ ಎಡವುತ್ತಿದ್ದೇನೆ ನೋಡಿ ಹೇಳುವಿರಾ ಎಂದು ಕೇಳುವುದು ಮಾಹಿತಿ. ಫೈನಲ್ ಮುಗಿದ ಮೇಲೆ ಅದೇ ಮಾತನ್ನು ಇಮೇಲ್‌ನಲ್ಲಿ ಬರೆಯುವುದು ಅಂಕ ಬೇಡುವುದು, ಮತ್ತು ಅದು ಅವರನ್ನು ಅನ್ಯಾಯದ ಇಕ್ಕಟ್ಟಿಗೆ ಸಿಲುಕಿಸುತ್ತದೆ. ನಾನು ಹೋದದ್ದು ಎರಡನೆಯ ಮಿಡ್‌ಟರ್ಮ್‌ನ ನಂತರ. ಅವರು ಅಭಿನಂದನೆ ಹೇಳಿ, ಉತ್ತರಪತ್ರಿಕೆ ತೆರೆದು, ನಾನು ತಪ್ಪಿದ್ದ ಪ್ರಶ್ನೆಗಳಲ್ಲಿ ಹೆಚ್ಚಿನವು ನಿಯಂತ್ರಣಕ್ಕೆ ಸಂಬಂಧಿಸಿದವು ಎಂದು ತೋರಿಸಿದರು. ಹಂತಗಳು ನನಗೆ ಗೊತ್ತಿದ್ದವು. ಯಾವ ಹಂತವನ್ನು ದೇಹ ಯಾವಾಗ ತಡೆಯುತ್ತದೆ, ಯಾವಾಗ ಬಿಡುತ್ತದೆ ಎಂಬುದು ಗೊತ್ತಿರಲಿಲ್ಲ. ಹದಿನೈದು ನಿಮಿಷದ ಆ ಮಾತುಕತೆ ಉಳಿದ ಇಡೀ ಸೆಮಿಸ್ಟರ್‌ನ ಓದಿಗೆ ದಿಕ್ಕು ಕೊಟ್ಟಿತು.

ಓದುವ ವಿಷಯವನ್ನು ಮುಂದಿನ ವೃತ್ತಿಗೆ ಜೋಡಿಸಿಕೊಂಡರೆ ಆಸಕ್ತಿ ತಾನಾಗಿ ಹುಟ್ಟುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳುತ್ತಾರೆ. ಒಂದೆರಡು ಕಡೆ ಅದು ನಿಜವಾಯಿತು. ಗ್ಲೈಕಾಲಿಸಿಸ್‌ನ ಒಂಬತ್ತನೆಯ ಹಂತದ ಕಿಣ್ವ ಎನೊಲೇಸ್. ಅದನ್ನು ಫ್ಲೋರೈಡ್ ತಡೆಯುತ್ತದೆ. ಹಲ್ಲಿನ ಮೇಲೆ ಬೆಳೆಯುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯನ್ನು ಇದೇ ದಾರಿಯಲ್ಲಿ ಒಡೆದು ಲ್ಯಾಕ್ಟಿಕ್ ಆಮ್ಲ ಹೊರಬಿಡುತ್ತದೆ, ಆ ಆಮ್ಲದಿಂದ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮೆಲ್ ಕರಗಲು ತೊಡಗುತ್ತದೆ. ಟೂತ್‌ಪೇಸ್ಟ್‌ನ ಫ್ಲೋರೈಡ್ ಮುಖ್ಯವಾಗಿ ಎನಾಮೆಲ್ ಮತ್ತೆ ಖನಿಜ ತುಂಬಿಕೊಳ್ಳಲು ನೆರವಾಗುತ್ತದೆಯಾದರೂ, ಬ್ಯಾಕ್ಟೀರಿಯಾದ ಈ ಕಿಣ್ವಕ್ಕೂ ಅಡ್ಡಬರುತ್ತದೆ ಎಂದು ಓದಿದಾಗ ಪುಟದ ಮೇಲಿದ್ದ ಹತ್ತು ಬಾಣಗಳಲ್ಲಿ ಒಂದಕ್ಕೆ ಜೀವ ಬಂತು. ವಿಟಮಿನ್ ಸಿ ಇಲ್ಲದೆ ಕೊಲಾಜೆನ್ ಗಟ್ಟಿಯಾಗದೆ ಸ್ಕರ್ವಿ ರೋಗಿಯ ವಸಡಿನಿಂದ ರಕ್ತ ಬರುವ ಕಾರಣವೂ ಹಾಗೆಯೇ ಮನಸ್ಸಿನಲ್ಲಿ ನಿಂತಿತು. ಆದರೆ ಯೂರಿಯಾ ಚಕ್ರಕ್ಕೋ ಕೊಬ್ಬಿನಾಮ್ಲಗಳ ಉತ್ಕರ್ಷಣಕ್ಕೋ ಇಂಥ ಕೊಂಡಿ ನನಗೆ ಸಿಗಲಿಲ್ಲ. ಅವನ್ನು ಆಸಕ್ತಿಯಿಲ್ಲದೆಯೇ ಓದಬೇಕಾಯಿತು, ಓದಿದೆ.

ಮೂರನೆಯ ಮಿಡ್‌ಟರ್ಮ್‌ನಲ್ಲಿ 72 ಬಂತು, ಫೈನಲ್‌ನಲ್ಲಿ 74. ಒಟ್ಟು 72.6, ಗ್ರೇಡು ಸಿ. ನಾಲ್ಕು ವರ್ಷಗಳಲ್ಲಿ ನನಗೆ ಬಂದ ಅತ್ಯಂತ ಕಡಿಮೆ ಗ್ರೇಡು ಅದೇ, ಮತ್ತು ಅದಕ್ಕಾಗಿ ಪಟ್ಟಷ್ಟು ಶ್ರಮವನ್ನು ಯಾವ ಎ ಗ್ರೇಡಿಗೂ ಪಟ್ಟಿರಲಿಲ್ಲ.

ಇದೇ ದಾರಿಯಲ್ಲಿರುವವರಿಗೆ ಕೊನೆಯಲ್ಲಿ ತಿಳಿಸಬೇಕಾದ ಎರಡು ಸಂಗತಿಗಳಿವೆ. ಅಂತಿಮ ಅಂಕಪಟ್ಟಿಯನ್ನು ತರಿಸುವಾಗ ರಿಜಿಸ್ಟ್ರಾರ್ ಕಚೇರಿಯ ನಮೂನೆಯಲ್ಲಿ, ಪದವಿ ನಮೂದಾಗುವವರೆಗೆ ತಡೆಹಿಡಿದು ಕಳುಹಿಸಿ ಎಂಬ ಆಯ್ಕೆ ಇರುತ್ತದೆ; ಅದನ್ನು ಗುರುತು ಮಾಡದಿದ್ದರೆ ಗ್ರೇಡುಗಳಿದ್ದರೂ ಪದವಿಯ ಉಲ್ಲೇಖವಿಲ್ಲದ ಪಟ್ಟಿ ಹೋಗಿ, ಡೆಂಟಲ್ ಕಾಲೇಜು ಮತ್ತೊಂದನ್ನು ಕೇಳುತ್ತದೆ. ಮತ್ತೊಂದು, ಬಯೋಕೆಮ್‌ನ ಟಿಪ್ಪಣಿಗಳನ್ನು ರದ್ದಿಗೆ ಹಾಕಬೇಡಿ. ಡೆಂಟಲ್‌ನ ಮೊದಲ ವರ್ಷದಲ್ಲಿ ಅದೇ ವಿಷಯ ಇನ್ನೂ ಬಿರುಸಾದ ವೇಗದಲ್ಲಿ ಮರಳಿ ಬರುತ್ತದೆ, ಮತ್ತು ಪರವಾನಗಿಗಾಗಿ ಬರೆಯಬೇಕಾದ ರಾಷ್ಟ್ರಮಟ್ಟದ ಪರೀಕ್ಷೆಯ ಪಠ್ಯದಲ್ಲೂ ಅದಕ್ಕೆ ಪಾಲಿದೆ. ನನ್ನವು ಈಗ ಮುಂದಿನ ಊರಿಗೆ ಹೊರಡಬೇಕಾದ ಪೆಟ್ಟಿಗೆಯಲ್ಲಿವೆ. ನಿಯಂತ್ರಣದ ಅಧ್ಯಾಯವನ್ನು ಮಾತ್ರ ಆಗಸ್ಟ್‌ಗೆ ಮೊದಲು ಇನ್ನೊಮ್ಮೆ ಓದಲೆಂದು ಹೊರಗಿಟ್ಟಿದ್ದೇನೆ.